ಹೊಳೆ ಹತ್ತುವ ಮೀನು

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಕೆಲವು ಚಿತ್ರಗಳನ್ನು ಕಳುಹಿಸಿದ್ದ. ನದಿಯ ಸೆಳವಿನಲ್ಲಿ ತೇಲಿಹೋಗುತ್ತಿರುವ, ಎರಡೂ ತುದಿ ಮೇಲಕ್ಕೆ ಬಾಗಿದ ಮರದ ದೋಣಿ. ಅದರಲ್ಲಿ ಗಾಳ ಹಿಡಿದು ಕುಳಿತ ಅವನು. ಅಲ್ಲಿ ಸಾಲ್ಮನ್ ಮೀನನ್ನು ಹೀಗೆ ತೇಲುತ್ತಲೇ ಹಿಡಿಯುತ್ತಾರಂತೆ. ದೋಣಿಯವನು ಹುಟ್ಟು ಹಾಕುವುದು ಮುಂದೆ ಸಾಗುವುದಕ್ಕಲ್ಲ, ದೋಣಿಯನ್ನು ತಡೆದು ನಿಧಾನಿಸುವುದಕ್ಕೆ; ಮುಂದೊಯ್ಯುವ ಕೆಲಸ ನದಿಯದು. ಕೊನೆಯಲ್ಲಿ ಒಂದು ಸಾಲು ಬರೆದಿದ್ದ: "ಸಾರ್, ನೀವು ಮಾಡಿದ ಸಾಲ್ಮನ್ ಪಾಠ ನೆನಪಾಯಿತು."

ಪಾಠ ನನಗೂ ನೆನಪಿದೆ. ಅದರ ಜೊತೆಗೆ ಇನ್ನೊಂದು ಸಂಗತಿಯೂ ನೆನಪಿದೆ. ಅದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

1988ರ ಮಾತು. ಆಗ ನಾನು ಅರಕಲಗೂಡು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ಬಿ.ಎಡ್. ಮುಗಿಸಿ ಬಂದ ಹೊಸತು. ಪಠ್ಯದಲ್ಲಿ ಇಲ್ಲದ್ದನ್ನೂ ಹೇಳಿಕೊಡಬೇಕೆಂಬ ಹುಮ್ಮಸ್ಸು. ಒಂಬತ್ತನೆಯ ತರಗತಿಗೆ ಯಾವುದೋ ಇಂಗ್ಲಿಷ್ ಪುಸ್ತಕದಿಂದ ಆಯ್ದು ಸಾಲ್ಮನ್ ಮೀನಿನ ವಿಷಯ ಬರೆಸಿದ್ದೆ. ಅದು ನದಿಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಬರುತ್ತದೆ. ಆ ತೊರೆಯ ನೀರಿನ ವಾಸನೆಯೇ ಅದಕ್ಕೆ ದಾರಿ ತೋರುತ್ತದೆ. ಮಕ್ಕಳು ಬೆರಗಾಗಿ ಕೇಳಿದ್ದರು. ನನಗೂ ಹೆಮ್ಮೆಯಾಗಿತ್ತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಒಂದು ಪ್ರಶ್ನೆ ಕೊಟ್ಟೆ: ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಈಜಿಹೋಗುವ ಮೀನು ಯಾವುದು? ಬಹುತೇಕ ಎಲ್ಲರೂ ಸಾಲ್ಮನ್ ಎಂದೇ ಬರೆದಿದ್ದರು. ಒಬ್ಬ ಮಾತ್ರ ಹೀಗೆ ಬರೆದಿದ್ದ: "ನಮ್ಮ ಹೊಳೆ ಬಿಳಿಮೀನು. ಮುಂಗಾರಿನಲ್ಲಿ ಹೊಸನೀರು ಬಂದಾಗ ಮೇಲಕ್ಕೆ ಹತ್ತುತ್ತದೆ." ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಅಷ್ಟಕ್ಕೆ ಬಿಡದೆ, ಉತ್ತರಪತ್ರಿಕೆ ಹಂಚುವಾಗ ಅದನ್ನು ತರಗತಿಯ ಮುಂದೆ ಓದಿಯೂ ಹೇಳಿದೆ. ಮಕ್ಕಳು ನಕ್ಕರು. ಅವನು ಕಾವೇರಿ ದಂಡೆಯ ಮೀನುಗಾರರ ಮನೆಯ ಹುಡುಗ. ತಲೆ ತಗ್ಗಿಸಿ ಪತ್ರಿಕೆ ತೆಗೆದುಕೊಂಡು ಹೋಗಿ ಕುಳಿತ. ವಾದಿಸಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವನ ತಂದೆ ಸಂತೆಯಲ್ಲಿ ಸಿಕ್ಕರು. ಮಗ ಮನೆಯಲ್ಲಿ ಏನು ಹೇಳಿದ್ದನೋ ತಿಳಿಯದು, ಅವರು ಆಕ್ಷೇಪಿಸಲಿಲ್ಲ. "ಮೇಷ್ಟ್ರೇ, ಒಂದಿನ ಹೊಳೆ ಕಡೀಕ್ ಬನ್ನಿ, ತೆಪ್ಪದಾಗೆ ಹೋಗ್ಬರಾಣ" ಎಂದರು. ಇಲ್ಲವೆನ್ನಲು ಕಾರಣ ಸಿಗಲಿಲ್ಲ.

ರಾಮನಾಥಪುರಕ್ಕೆ ಮೇಲ್ಭಾಗದ ಹೊಳೆ ಅದು. ಬೆಳಗಿನ ಮಂಜು ಇನ್ನೂ ನೀರಿನ ಮೇಲೆಯೇ ಇತ್ತು. ಬಿದಿರು ಹೆಣೆದು, ಕೆಳಗೆ ಟಾರು ಬಳಿದ ದುಂಡು ತೆಪ್ಪ. ಒಂದು ಹುಟ್ಟು, ನೈಲಾನ್ ದಾರದ ಉಂಡೆ, ಸೀಸದ ಗುಂಡು ಕಟ್ಟಿದ ಗಾಳ, ಬಟ್ಟೆಯಲ್ಲಿ ಸುತ್ತಿದ ಗಟ್ಟಿಯಾದ ರಾಗಿಮುದ್ದೆ. ಊಟದ ಬುತ್ತಿಯೆಂದು ನಾನು ಭಾವಿಸಿದ್ದೆ. ಅದು ಮೀನಿಗೆ ತಂದದ್ದು! ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ ಗಾಳಕ್ಕೆ ಮೆತ್ತಿದರು.

ತೆಪ್ಪವನ್ನು ಸೆಳವಿಗೆ ಬಿಟ್ಟುಕೊಟ್ಟರು. ಅದು ಮೆಲ್ಲನೆ ತಿರುಗುತ್ತಾ ಸಾಗಿತು. ದಂಡೆಯಲ್ಲೇ ಕುಳಿತು ಗಾಳ ಹಾಕಬಾರದೇಕೆ ಎಂದು ಕೇಳಿದೆ. ದಂಡೆಯಿಂದ ಹಾಕಿದರೆ ನೀರಿನ ಸೆಳೆತಕ್ಕೆ ದಾರ ಬಿಗಿಯುತ್ತದೆ, ಉಂಡೆ ಮೇಲಕ್ಕೆದ್ದು ಒಂದು ಕಡೆಗೆ ಎಳೆದುಕೊಂಡು ಹೋಗುತ್ತದೆ; ಅದು ಮೋಸವೆಂದು ದೊಡ್ಡ ಮೀನಿಗೆ ತಿಳಿಯುತ್ತದೆ ಎಂದರು. ತೆಪ್ಪ, ದಾರ, ಉಂಡೆ ಮೂರೂ ಹೊಳೆಯ ವೇಗದಲ್ಲೇ ಸಾಗಿದರೆ, ದಂಡೆಯ ಮರದಿಂದ ಉದುರಿದ ಅತ್ತಿಹಣ್ಣು ಉರುಳಿಕೊಂಡು ಬಂದಂತೆ ಕಾಣುತ್ತದಂತೆ. ನಾನು ಕಲಿಸುತ್ತಿದ್ದ ಸಾಪೇಕ್ಷ ವೇಗದ ಪಾಠವನ್ನು, ಓದು ಬರಹ ಬಾರದ ಅವರು ಬೆರಳ ತುದಿಯ ದಾರದಲ್ಲಿ ಇಟ್ಟುಕೊಂಡಿದ್ದರು.

ಒಂದು ಮಡುವಿನ ತುದಿಯಲ್ಲಿ ದಾರ ಒಮ್ಮೆಲೇ ಸರಸರನೆ ಬಿಚ್ಚಿಕೊಂಡಿತು. ಮೀನು ತೆಪ್ಪವನ್ನೇ ಎಳೆದುಕೊಂಡು ಹೊರಟಿತು. ನಾನು ಅಂಚನ್ನು ಬಿಗಿಯಾಗಿ ಹಿಡಿದೆ. ಹುಡುಗ ಮಾತ್ರ ನಗುತ್ತಾ ಹುಟ್ಟು ಹಾಕುತ್ತಿದ್ದ. ತರಗತಿಯಲ್ಲಿ ನಾನು ಆ ನಗೆಯನ್ನು ಕಂಡಿರಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಮೇಲೆ ಬಂತು. ಅಂಗೈ ಅಗಲದ ಹುರುಪೆ, ಉಬ್ಬಿದ ಬೆನ್ನು, ಕೆಂಡದ ಬಣ್ಣದ ಬಾಲ. ಹುಡುಗ ಮೀನಿನ ಕಡೆಗೆ ಕೈತೋರಿಸಿ, "ಇದೇ ಸಾರ್, ಹತ್ತೋದು" ಎಂದ. ಅಷ್ಟೇ ಅಂದದ್ದು.

ಇನ್ನಷ್ಟು ಕೆಳಕ್ಕೆ ತೇಲಿದಾಗ ರಾಮನಾಥಪುರದ ದಿಕ್ಕು ಕಾಣಿಸಿತು. ಅವನ ತಂದೆ ದಾರವನ್ನು ಪೂರ್ತಿಯಾಗಿ ಸುತ್ತಿ ತೆಗೆದಿಟ್ಟರು. ಅಲ್ಲಿನ ವಹ್ನಿ ಪುಷ್ಕರಿಣಿಯ ಮೀನುಗಳು ದೇವರವು, ಅವನ್ನು ಯಾರೂ ಮುಟ್ಟುವುದಿಲ್ಲ. "ಇಲ್ಲಿಂದ ಕೆಳೀಕೆ ನಮ್ದಲ್ಲ ಮೇಷ್ಟ್ರೇ" ಎಂದು ತೆಪ್ಪವನ್ನು ದಂಡೆಗೆ ತಿರುಗಿಸಿದರು.

ಆಮೇಲೆ ನಾನು ಓದಿ ತಿಳಿದುಕೊಂಡೆ. ಅವರು ಬಿಳಿಮೀನು ಎಂದದ್ದು ಮಹಶೀರ್. ಈ ಜಾತಿಯ ಮೀನುಗಳು ಮಳೆಗಾಲದಲ್ಲಿ ಮೊಟ್ಟೆಯಿಡಲು ನದಿಯ ಮೇಲ್ಭಾಗಕ್ಕೆ ಏರಿಹೋಗುವುದು ನಿಜ. ಸಾಲ್ಮನ್ನಿನಂತೆ ಸಮುದ್ರಕ್ಕೆ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ಪ್ರಶ್ನೆಯಲ್ಲಿ ಸಮುದ್ರದ ಮಾತೇ ಇರಲಿಲ್ಲ. ಅಂದಮೇಲೆ ಅವನ ಉತ್ತರ ಸರಿಯಾಗಿತ್ತು. ಉಳಿದವರು ನಾನು ಬರೆಸಿದ್ದನ್ನು ಬರೆದಿದ್ದರು. ಅವನೊಬ್ಬ ಕಂಡದ್ದನ್ನು ಬರೆದಿದ್ದ.

ಇಷ್ಟು ತಿಳಿದ ಮೇಲೂ ನಾನು ಆ ಎರಡು ಅಂಕ ಕೊಡಲಿಲ್ಲ. ಅಂಕಪಟ್ಟಿ ಮುಖ್ಯೋಪಾಧ್ಯಾಯರ ಕೈಸೇರಿದೆ, ತಿದ್ದಿದರೆ ಕಾರಣ ಕೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾದ ಕಾರಣ ಬೇರೆಯಿತ್ತು. ತರಗತಿಯ ಮುಂದೆ ನಗಿಸಿದವನು ತರಗತಿಯ ಮುಂದೆಯೇ ತಪ್ಪೊಪ್ಪಿಕೊಳ್ಳಬೇಕಾಗಿತ್ತು. ಆ ಧೈರ್ಯ ನನಗಿರಲಿಲ್ಲ. ಮರುವರ್ಷ ಬೇರೆ ಊರಿಗೆ ವರ್ಗವಾಯಿತು. ಆ ಹುಡುಗ ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿದನೆಂದು ನಂತರ ತಿಳಿಯಿತು.

ಕಾವೇರಿಯ ಈ ಗೂನುಬೆನ್ನಿನ ಮಹಶೀರ್ ಜಗತ್ತಿಗೇ ಹೆಸರಾದದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮೀನನ್ನು ಹಿಡಿದಿದ್ದರು. ಆದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಯೆಂದು ಸೇರಿತು. ಮೀನು ಹತ್ತುವ ದಾರಿಗೆ ಅಡ್ಡಲಾದ ಅಣೆಕಟ್ಟುಗಳು, ಮಡುಗಳಿಗೆ ಎಸೆದ ಸಿಡಿಮದ್ದು, ಬರಿದಾದ ಮರಳು, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಮರಿಗಳು, ಹೀಗೆ ಕಾರಣಗಳು ಹಲವು. ಅಣೆಕಟ್ಟನ್ನು ಸುಮ್ಮನೆ ದೂರಲು ನನಗೆ ಬಾಯಿ ಬಾರದು. 1979ರಲ್ಲಿ ಗೊರೂರಿನ ಜಲಾಶಯವಾದ ಮೇಲೆ ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಚನ್ನರಾಯಪಟ್ಟಣದ ಕಡೆಯ ಹೊಲಗಳನ್ನು ಮುಟ್ಟಿತು; ಆ ನೀರಿನಲ್ಲಿ ಬೆಳೆದ ಅನ್ನವನ್ನು ನಾವೆಲ್ಲ ಉಂಡಿದ್ದೇವೆ. ಆದರೆ ಆ ಅನ್ನಕ್ಕೆ ಬೆಲೆ ತೆತ್ತವರಲ್ಲಿ ಹೊಳೆಯ ಜೀವಗಳೂ ಸೇರಿವೆ ಎಂಬುದನ್ನು ಪಾಠ ಹೇಳುವವನು ಮರೆಯಬಾರದು.

ಕೆಲವು ವರ್ಷಗಳ ಹಿಂದೆ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಒಬ್ಬರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ತಲೆ ನರೆತಿತ್ತು, ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಅದೇ ಹುಡುಗ. ಲಾರಿ ಓಡಿಸುತ್ತಾನಂತೆ, ತಂದೆ ತೀರಿಕೊಂಡರಂತೆ. ಕಾಫಿ ಕುಡಿಯುತ್ತಾ ನಾನೇ ಆ ಉತ್ತರಪತ್ರಿಕೆಯ ಮಾತು ತೆಗೆದು ಕ್ಷಮೆ ಕೇಳಿದೆ. ಅವನು ಗಾಬರಿಯಾಗಿ, "ಅಯ್ಯೋ ಬಿಡಿ ಸಾರ್, ನಂಗೆ ಅದ್ಯಾವುದೂ ನೆಪ್ಪೇ ಇಲ್ಲ. ನೀವು ನಮ್ಮ ತೆಪ್ಪ ಹತ್ತಿದ್ದು ನೆಪ್ಪೈತೆ. ಅಪ್ಪ ಸಾಯೋಗಂಟ ಊರೋರ್ಗೆಲ್ಲ ಹೇಳ್ಕಂಡು ತಿರುಗ್ತು" ಎಂದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ: "ಆ ಮೀನು ಈಗ ಕಣ್ಣಿಗೇ ಬೀಳಾಕಿಲ್ಲ ಸಾರ್."

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲವೋ, ನನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳಿದನೋ, ತಿಳಿಯಲಿಲ್ಲ. ಎರಡನೆಯದೇ ಇರಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಅನೇಕರು ಉಪಾಧ್ಯಾಯರಾಗಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಉತ್ತರಪತ್ರಿಕೆಯಲ್ಲಿ ನೀವು ಬರೆಸದ ಉತ್ತರವೊಂದು ಕಂಡರೆ ಕೆಂಪು ಶಾಯಿಯ ಪೆನ್ನನ್ನು ಸ್ವಲ್ಪ ಹೊತ್ತು ಕೆಳಗಿಡಿ. ಆ ಮಗುವಿನ ಊರಿನಲ್ಲಿ ಯಾವ ಹೊಳೆ ಹರಿಯುತ್ತದೆ ಎಂದು ಒಮ್ಮೆ ಕೇಳಿ.