ಅಪ್ಪನ ಮುಖಕ್ಕೆ ಯಾವ ಲೈಸೆನ್ಸು?

ಕಣದಲ್ಲಿ ಅಪ್ಪ ರಾಗಿ ತೂರುತ್ತಿದ್ದ ಫೋಟೊ ನಾನೇ ತೆಗೆದದ್ದು. ಇಂಟರ್ನೆಟ್‌ಗೆ ಹಾಕುವಾಗ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳಲ್ಲಿ ಮೊದಲು ಕಂಡದ್ದನ್ನ ಒತ್ತಿಬಿಟ್ಟೆ: ಸಿಸಿ ಬೈ. ನನ್ನ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಬಹುದು. ಓಪನ್ ಸೋರ್ಸ್ ಕೋಡ್ ನಂಬಿ ಅನ್ನ ತಿನ್ನೋನು ನಾನು, ಇಷ್ಟಾದರೂ ವಾಪಸ್ ಕೊಡೋಣ ಅನ್ನೋ ಹುಮ್ಮಸ್ಸು.

ಸಂಕ್ರಾಂತಿಗೆ ಊರಿಗೆ ಹೋದರೆ, ಗೊಬ್ಬರದಂಗಡಿಯ ಗೋಡೆ ಮೇಲೆ ಅಪ್ಪ! ಕೀಟನಾಶಕ ಕಂಪನಿಯೊಂದರ ಕ್ಯಾಲೆಂಡರು. ಹೊಲಕ್ಕೆ ಔಷಧಿ ಹೊಡೆಯೋದನ್ನ ಬಿಟ್ಟು ಹತ್ತು ವರ್ಷ ಆಗಿರೋ ಮನುಷ್ಯ. ಜಗಳಕ್ಕೆ ಹೊರಟೆ. ಮೂಲೆಯಲ್ಲಿ ನನ್ನ ಹೆಸರು, ಲೈಸೆನ್ಸು ಎರಡೂ ನೀಟಾಗಿ ಅಚ್ಚಾಗಿದ್ದವು. ಲೈಸೆನ್ಸಿನ ಪ್ರಕಾರ ಅವರದೇನೂ ತಪ್ಪಿಲ್ಲ.

ಇರೋದು ಆರು ಬಗೆ. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಇದ್ದರೆ ತಿದ್ದಿದ್ದನ್ನ ಹಂಚುವಂತಿಲ್ಲ. ಎಸ್‌ಎ ಇದ್ದರೆ ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು; ಕನ್ನಡ ವಿಕಿಪೀಡಿಯ ನಡೆಯೋದು ಹೀಗೇ. ಒಮ್ಮೆ ಕೊಟ್ಟ ಲೈಸೆನ್ಸನ್ನ ವಾಪಸ್ ಪಡೆಯೋಕಾಗಲ್ಲ. ಇಷ್ಟನ್ನೂ ನಾನು ಓದಿದ್ದು ಆವತ್ತು ರಾತ್ರಿ!

ಅಪ್ಪನಿಗೆ ವಿವರಿಸಿದೆ. 'ಬಿತ್ತನೆ ರಾಗಿ ಕೇಳಿದೋರಿಗೆಲ್ಲ ಕೊಡ್ತೀವಿ ಕಣಪ್ಪ, ಕೊಟ್ಟಿದ್ದು ತಪ್ಪಲ್ಲ. ಆದ್ರೆ ನನ್ ಮುಖ ಕೊಡೋ ಮುಂಚೆ ನನ್ನೊಂದ್ ಮಾತು ಕೇಳಿದ್ಯಾ?'

ಕೇಳಿರಲಿಲ್ಲ. ಫೋಟೊದ ಹಕ್ಕು ನನ್ನದು, ಸರಿ. ಅದರೊಳಗಿರೋರ ಒಪ್ಪಿಗೆಯನ್ನ ಈ ಆರರಲ್ಲಿ ಯಾವುದೂ ತಂದುಕೊಡಲ್ಲ.

ಈಗಲೂ ಹಂಚ್ತೀನಿ. ಹೊಲ, ಕಣ, ಮೋಡಕ್ಕೆಲ್ಲ ಬೈ-ಎಸ್‌ಎ. ಮುಖ ಇದ್ದರೆ ಮಾತ್ರ, ಮೊದಲು ಊರಿಗೊಂದು ಫೋನು.