ಪ್ರವಾಸ, ಪ್ರಮಾದ ಮತ್ತು ಒಂದು ಕ್ಲೇಮು ಅರ್ಜಿ

ಮನೆಯ ಹೊಸ್ತಿಲನ್ನು ದಾಟಿದ ಮನುಷ್ಯನು ಊರನ್ನು ಹಿಂದೆ ಬಿಟ್ಟು ಹೋಗಬಲ್ಲನೇ ಹೊರತು ತನ್ನ ನಡತೆಯನ್ನು ಬಿಟ್ಟು ಹೋಗಲಾರನು. ಪರಸ್ಥಳದಲ್ಲಿ ಗುರುತಿನವರ ಕಣ್ಣು ಇರುವುದಿಲ್ಲ. ಆದುದರಿಂದಲೇ ಅಲ್ಲಿ ನಡತೆಯ ನಿಜವಾದ ಪರೀಕ್ಷೆ ನಡೆಯುತ್ತದೆ. ಪೂರ್ವಾಚಾರ್ಯರು ಗೃಹಸ್ಥನಿಗೆ ದಿಗ್‌ವ್ರತವನ್ನು ವಿಧಿಸಿ, ಹತ್ತು ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೆ ತಾನೇ ಮೇರೆಯನ್ನು ಹಾಕಿಕೊಳ್ಳಬೇಕೆಂದರು. ಇಂದು ಆ ಮೇರೆಗಳು ಅಳಿಸಿಹೋಗಿವೆ. ಮೇರೆ ಅಳಿದರೂ ಎಚ್ಚರ ಅಳಿಯಬಾರದೆಂಬುದನ್ನು ಬ್ಯಾಡಗಿಯ ಒಂದು ಕುಟುಂಬವು ಬಹಳ ಬೆಲೆ ತೆತ್ತು ಕಲಿಯಬೇಕಾಯಿತು.

ಆ ಮನೆಯ ಹಿರಿಯರು ಮೆಣಸಿನಕಾಯಿಯ ದಲಾಲಿ ವ್ಯಾಪಾರಸ್ಥರು. ಮೂರು ತಲೆಮಾರಿನ ಅಂಗಡಿ. ಡಬ್ಬಿ ಯಾವುದು, ಕಡ್ಡಿ ಯಾವುದು ಎಂಬುದನ್ನು ಚೀಲದ ಬಾಯಿ ಬಿಚ್ಚುವ ಮೊದಲೇ ವಾಸನೆಯಿಂದ ಹೇಳಬಲ್ಲವರು. ಗುಂಟೂರಿನ ಕಾಯಿಯನ್ನು ಬ್ಯಾಡಗಿಯ ಕಾಯಿಯೊಡನೆ ಬೆರೆಸಿ ಮಾರುವುದು ಕೆಲವರಿಗೆ ಸುಲಭದ ಲಾಭವಾಗಿದ್ದ ಕಾಲದಲ್ಲಿಯೂ ಅವರು ಆ ದಾರಿಯನ್ನು ತುಳಿಯಲಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ, ಅಂದರೆ ಒಳ್ಳೆಯ ಸರಕಿನಲ್ಲಿ ಅದರಂತೆಯೇ ತೋರುವ ಕೀಳು ಸರಕನ್ನು ಬೆರೆಸಿ ಮಾರುವುದು ಒಂದೆಂದು ಅವರ ತಂದೆ ಅಂಗಡಿಯಲ್ಲಿ ಕುಳಿತೇ ಹೇಳಿಕೊಟ್ಟಿದ್ದರು. ಆದರೆ ಪರೀಕ್ಷೆ ಬಂದದ್ದು ಮೆಣಸಿನಕಾಯಿಯ ಚೀಲದಲ್ಲಿ ಅಲ್ಲ, ಒಂದು ಕಾಗದದಲ್ಲಿ.

2023ರ ನವೆಂಬರಿನಲ್ಲಿ ಥಾಯ್ಲೆಂಡ್ ದೇಶವು ಭಾರತೀಯ ಪ್ರವಾಸಿಗಳಿಗೆ ವೀಸಾದ ವಿನಾಯಿತಿಯನ್ನು ಕೊಟ್ಟಿತು. ಹುಬ್ಬಳ್ಳಿಗೆ ಹೋಗಿಬರುವಷ್ಟೇ ಸಲೀಸಾಗಿ ತರುಣರು ಅಲ್ಲಿಗೆ ಹೊರಡಲಾರಂಭಿಸಿದರು. 2024ರ ಜನವರಿಯಲ್ಲಿ ವರ್ತಕರ ಒಬ್ಬನೇ ಮಗನೂ ಇಬ್ಬರು ಗೆಳೆಯರೊಡನೆ ಫುಕೆಟ್ ದ್ವೀಪಕ್ಕೆ ಹೊರಟನು. ಗೆಳೆಯರಲ್ಲೊಬ್ಬನು ರಾಣೇಬೆನ್ನೂರಿನ ಬೀಜದ ವ್ಯಾಪಾರಸ್ಥರ ಮಗ; ಇನ್ನೊಬ್ಬನು ಹಾವೇರಿಯ ಬಟ್ಟೆ ಅಂಗಡಿಯವರ ಮನೆಯವನು. ಮೂರೂ ಮನೆಗಳಿಗೆ ಬಸದಿಯ ಬಳಕೆಯೂ ವ್ಯಾಪಾರದ ಬಳಕೆಯೂ ಇತ್ತು. ಹಾವೇರಿಯ ಒಬ್ಬ ಪರಿಚಯದ ಏಜಂಟರ ಮೂಲಕ ಮೂವರಿಗೂ ಪ್ರವಾಸ ವಿಮೆ ಮಾಡಿಸಲಾಯಿತು. ಪಾಲಿಸಿಯ ಪುಸ್ತಿಕೆಯನ್ನು ಯಾರೂ ತೆರೆದು ಓದಲಿಲ್ಲ. ತಾಯಿ ಮಾತ್ರ ಅದನ್ನು ಅವಲಕ್ಕಿ, ಚಟ್ನಿಪುಡಿಗಳ ಡಬ್ಬಿಗಳೊಡನೆ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟರು.

ಐದನೆಯ ದಿನ ಬೆಳಗಿನ ಜಾವ ದೂರವಾಣಿ ಬಂದಿತು. ಮಗನ ತೊಡೆಯ ಎಲುಬು ಮುರಿದಿತ್ತು. ತಲೆಗೆ ಹೊಲಿಗೆ ಹಾಕಿದ್ದರು. ರಾಣೇಬೆನ್ನೂರಿನ ಹುಡುಗನ ಮುಂಗೈ ಮುರಿದಿತ್ತು. ಶಸ್ತ್ರಚಿಕಿತ್ಸೆಗೆ ಮುಂಗಡ ಕಟ್ಟಬೇಕೆಂದು ಆಸ್ಪತ್ರೆಯವರು ಕೇಳುತ್ತಿದ್ದರು. ವಿಮೆಯ ನೆರವಿನ ಸಂಖ್ಯೆಗೆ ಕರೆ ಮಾಡಿದಾಗ, ಅಪಘಾತದ ವಿವರ ಪೂರ್ತಿ ತಿಳಿಯದೆ ಹಣದ ಭರವಸೆ ಕೊಡಲಾಗದು, ಸದ್ಯ ತಾವೇ ಭರಿಸಿ ಬಳಿಕ ಕ್ಲೇಮು ಮಾಡಿರಿ ಎಂಬ ಉತ್ತರ ದೊರೆಯಿತು. ಹೇಗೆ ಬಿದ್ದಿರೆಂಬ ಪ್ರಶ್ನೆಗೆ ಹುಡುಗರು ಸ್ಪಷ್ಟವಾಗಿ ಉತ್ತರಿಸಿರಲಿಲ್ಲ. ಒಟ್ಟು ಖರ್ಚು ಒಂಬತ್ತು ಲಕ್ಷ ರೂಪಾಯಿಗಳ ಹತ್ತಿರ ಬಂದಿತು. ಅಂಗಡಿಯ ಹಣ, ಮನೆಯ ಹಣ, ಒಂದಿಷ್ಟು ಕೈಸಾಲ, ಎಲ್ಲವೂ ಸೇರಿ ಅದು ಹೊಂದಿಕೆಯಾಯಿತು.

ಮಗನು ಊರುಗೋಲಿನ ಮೇಲೆ ಮನೆಗೆ ಬಂದ ವಾರದಲ್ಲಿ ಏಜಂಟರು ಅರ್ಜಿಯನ್ನು ಹಿಡಿದು ಅಂಗಡಿಗೆ ಬಂದರು. ಪಾಸ್‌ಪೋರ್ಟಿನ ಪ್ರತಿ, ಆಸ್ಪತ್ರೆಯ ಮೂಲ ಬಿಲ್ಲುಗಳು, ಬಿಡುಗಡೆಯ ವರದಿ, ಎಲ್ಲವನ್ನೂ ಒಪ್ಪವಾಗಿ ಜೋಡಿಸಿದರು. ಅಪಘಾತವಾದ ಬಗೆಯನ್ನು ವಿವರಿಸಿರಿ ಎಂಬ ಸಾಲಿಗೆ ಬಂದಾಗ ದನಿ ತಗ್ಗಿಸಿ ಹೇಳಿದರು: “ಸಾಹುಕಾರ್ರ, ಗಾಡಿ ವಿಷಯ ಬರಿಯೂದು ಬ್ಯಾಡ. ರಸ್ತೆದಾಗ ನಡಕೊಂಡು ಹೊಂಟಿದ್ದೆ, ಯಾವುದೋ ಗಾಡಿ ಹಾಯ್ತು ಅಂತ ಬರಸ್ರಿ. ರಾಣೇಬೆನ್ನೂರಾಗೂ ಹಂಗ ಬರದಾರ. ಕಂಪನಿಯವರದೇನು ಗಂಟು ಹೋಗತೈತ್ರಿ?”

ನಡೆದದ್ದು ಬೇರೆ. ಮಗನಿಗೆ ಕಾರು ನಡೆಸುವ ಪರವಾನಗಿ ಮಾತ್ರ ಇತ್ತು. ದ್ವಿಚಕ್ರ ವಾಹನದ್ದು ಇರಲಿಲ್ಲ. ವಿದೇಶದಲ್ಲಿ ವಾಹನ ನಡೆಸಲು ಬೇಕಾದ ಅಂತಾರಾಷ್ಟ್ರೀಯ ಚಾಲನಾ ಪರ್ಮಿಟ್ಟನ್ನು ಸಾರಿಗೆ ಕಚೇರಿಯಿಂದ ಪಡೆದಿರಲಿಲ್ಲ. ಪಡೆದಿದ್ದರೂ ಊರಿನ ಪರವಾನಗಿಯಲ್ಲಿ ಇಲ್ಲದ ವಾಹನಕ್ಕೆ ಆ ಪರ್ಮಿಟ್ಟು ಅಧಿಕಾರ ಕೊಡುವುದಿಲ್ಲ. ಬಾಡಿಗೆಯ ಅಂಗಡಿಯವನು ಪರವಾನಗಿಯನ್ನು ಕೇಳದೆ ಸ್ಕೂಟರು ಕೊಟ್ಟನು; ಕೇಳಲಿಲ್ಲವೆಂದ ಮೇಲೆ ಬೇಕಿಲ್ಲವೆಂದು ಹುಡುಗರು ಭಾವಿಸಿದರು. ಆ ದೇಶದ ಕಾನೂನಿನಂತೆ ಕಡ್ಡಾಯವಾದ ಹೆಲ್ಮೆಟ್ಟು ಹ್ಯಾಂಡಲಿಗೆ ತೂಗುತ್ತಿತ್ತು. ಪಾತೋಂಗಿನ ಗುಡ್ಡದ ರಸ್ತೆ ಕಡಿದಾದ ಏರಿಳಿತಗಳಿಗೂ ತಿರುವುಗಳಿಗೂ ಹೆಸರಾದದ್ದು. ಹಿಂದೆ ಕುಳಿತ ರಾಣೇಬೆನ್ನೂರಿನ ಹುಡುಗನು ಕೈ ಚಾಚಿ ಚಿತ್ರ ತೆಗೆಯುತ್ತಿದ್ದನು. ಮುಂದಿನವನು ಒಂದು ಗಳಿಗೆ ಹಿಂದಿರುಗಿ ನಕ್ಕನು. ಅಷ್ಟೇ.

ಥಾಯ್ಲೆಂಡಿನಲ್ಲಿ ರಸ್ತೆಯ ಮೇಲೆ ಸಾಯುವವರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳ ಸವಾರರೇ. ಇದನ್ನು ಬಲ್ಲ ವಿಮಾ ಸಂಸ್ಥೆಗಳು ಪರವಾನಗಿ ಇಲ್ಲದೆ ವಾಹನ ನಡೆಸಿದಾಗ, ಮದ್ಯದ ಅಮಲಿನಲ್ಲಿದ್ದಾಗ, ಮೊದಲೇ ತಿಳಿಸಿ ಹೆಚ್ಚಿನ ಕಂತು ಕಟ್ಟದೆ ಸಾಹಸ ಕ್ರೀಡೆಗಳಿಗೆ ಇಳಿದಾಗ ಆದ ಗಾಯಗಳನ್ನು ಸಾಮಾನ್ಯವಾಗಿ ಹೊಣೆಯಿಂದ ಹೊರಗಿಡುತ್ತವೆ. ಅದು ಪುಸ್ತಿಕೆಯಲ್ಲಿ ಅಚ್ಚಾಗಿಯೇ ಇರುತ್ತದೆ. ಕೊಳ್ಳುವಾಗ ಓದದವರು ಬಿದ್ದ ಮೇಲೆ ಓದುತ್ತಾರೆ.

ವರ್ತಕರು ಏಜಂಟರಿಗೆ ಆ ದಿನ ಉತ್ತರ ಕೊಡಲಿಲ್ಲ. “ನಾಳೆ ನೋಡೋಣ” ಎಂದು ಅರ್ಜಿಯನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರು. ಅವರ ಮನಸ್ಸು ಒಪ್ಪಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಒಂಬತ್ತು ಲಕ್ಷವು ಸಣ್ಣ ಮೊತ್ತವಲ್ಲ. ಎಷ್ಟೋ ವರ್ಷಗಳಿಂದ ಗೋದಾಮಿಗೂ ಅಂಗಡಿಗೂ ವಿಮೆಯ ಕಂತು ಕಟ್ಟಿದ್ದರು. ಒಂದು ರೂಪಾಯಿಯನ್ನೂ ಮರಳಿ ಪಡೆದಿರಲಿಲ್ಲ. ಕಟ್ಟಿದ ಹಣದಲ್ಲಿ ತಮ್ಮ ಪಾಲನ್ನು ತಾವು ತೆಗೆದುಕೊಂಡರೆ ತಪ್ಪೇನೆಂದು ಮನಸ್ಸು ವಾದಿಸಿತು.

ಆದರೆ ಆ ಹಣ ಯಾರದು? ವಿಮೆಯ ಬೊಕ್ಕಸದಲ್ಲಿ ಸೇರುವುದು ಆಕಾಶದಿಂದ ಉದುರಿದ ಹಣವಲ್ಲ. ಮಗನ ವಿದ್ಯಾಭ್ಯಾಸಕ್ಕಾಗಿ ಹೊರಟ ತಂದೆ, ಮಗಳ ಬಾಣಂತನಕ್ಕಾಗಿ ವಿಮಾನ ಹತ್ತಿದ ವೃದ್ಧೆ, ಇಂಥ ಅಪರಿಚಿತರು ಆಪತ್ಕಾಲಕ್ಕೆಂದು ಕಟ್ಟಿದ ಕಂತುಗಳು ಅವು. ಅದು ಹಲವರು ಒಟ್ಟಾಗಿ ಇರಿಸಿದ ನ್ಯಾಸ. ಕಾನೂನು ಕೂಡ ವಿಮೆಯ ಕರಾರನ್ನು ಪರಮ ವಿಶ್ವಾಸದ ಕರಾರೆಂದು ಕರೆಯುತ್ತದೆ. ಮುಖ್ಯವಾದ ಸಂಗತಿಯನ್ನು ಮರೆಮಾಚಿದರೆ ವಿಮಾ ಸಂಸ್ಥೆಯು ಹೊಣೆಯನ್ನು ನಿರಾಕರಿಸಬಹುದೆಂದು 2009ರ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳು ಐದು: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸುಳ್ಳು ಹೇಳೆಂದು ಕಲಿಸುವುದು ಮಿಥ್ಯೋಪದೇಶ. ಸುಳ್ಳು ದಸ್ತೈವಜನ್ನು ಬರೆಯುವುದು ಕೂಟಲೇಖ. ನಂಬಿ ಇರಿಸಿದ್ದನ್ನು ಲಪಟಾಯಿಸುವುದು ನ್ಯಾಸಾಪಹಾರ. ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಒಪ್ಪಿಸಿದ್ದ ಐದರಲ್ಲಿ ಮೂರು ಒಂದೇ ಹಾಳೆಯ ಮೇಲೆ ಬಂದು ಕುಳಿತಿದ್ದವು.

ಆ ರಾತ್ರಿ ಅವರು ಮಗನ ಹಾಸಿಗೆಯ ಬಳಿ ಕುಳಿತು ಒಂದೇ ಪ್ರಶ್ನೆ ಕೇಳಿದರು: “ತಮ್ಮಾ, ಗಾಡಿ ಯಾತಕ್ಕ ಹಾಯ್ತು?”

ಮಗನು ಬಹಳ ಹೊತ್ತು ಗೋಡೆಯನ್ನೇ ನೋಡಿದನು. ಬಳಿಕ ಹೇಳಿದನು. ತಿರುವಿನಲ್ಲಿ ಹಣ್ಣು ಮಾರುವ ಒಬ್ಬ ಹೆಂಗಸಿದ್ದಳು. ಸ್ಕೂಟರು ಮೊದಲು ಆಕೆಯ ಬಂಡಿಗೆ ತಾಗಿ ಆಮೇಲೆ ಕಲ್ಲಿಗೆ ಬಡಿಯಿತು. ಆಕೆ ಕೈ ಹಿಡಿದುಕೊಂಡು ರಸ್ತೆಯ ಮೇಲೆ ಕುಳಿತಿದ್ದಳು. ಆಂಬುಲೆನ್ಸು ಬಂದು ಹುಡುಗರನ್ನು ಒಯ್ದಿತು. ಆಕೆಯ ಗತಿ ಏನಾಯಿತೆಂದು ಮೂವರಲ್ಲಿ ಒಬ್ಬನೂ ವಿಚಾರಿಸಲಿಲ್ಲ.

ತಂದೆ ಎದ್ದು ಹೊರಗೆ ಬಂದರು. ಯಾವುದೋ ಗಾಡಿ ಹಾಯ್ದಿತೆಂದು ಬರೆದರೆ ಹಾಯ್ದವನೇ ಹಾಯಿಸಿಕೊಂಡವನಾಗುತ್ತಿದ್ದನು. ಆ ಹೆಂಗಸಾದರೋ ಕಾಗದದ ಮೇಲಿಂದ ಅಳಿಸಿಯೇ ಹೋಗುತ್ತಿದ್ದಳು. ಸುಳ್ಳು ಬರೆಹವು ಕಂಪನಿಯನ್ನು ಮಾತ್ರ ವಂಚಿಸುತ್ತದೆಂದು ಅವರು ತಿಳಿದಿದ್ದರು. ಅದು ನೊಂದ ಜೀವವನ್ನು ಇಲ್ಲವೆನಿಸುತ್ತದೆ ಎಂಬುದು ಅವರಿಗೆ ಆಗ ಹೊಳೆಯಿತು.

ಮರುದಿನ ಮಗನ ಕೈಯಿಂದಲೇ ಅರ್ಜಿಯನ್ನು ಬರೆಯಿಸಿದರು. ಪರವಾನಗಿ ಇಲ್ಲದ್ದು, ಹೆಲ್ಮೆಟ್ಟು ಧರಿಸದ್ದು, ಬಂಡಿಗೆ ತಾಗಿದ್ದು, ಎಲ್ಲವೂ ಅದರಲ್ಲಿತ್ತು. ಬರೆಯುವ ಮೊದಲು ರಾಣೇಬೆನ್ನೂರಿನ ಗೆಳೆಯರಿಗೆ ತಾವೇ ಹೋಗಿ ವಿಷಯ ತಿಳಿಸಿದರು. ಒಂದೇ ದಿನ, ಒಂದೇ ಸ್ಥಳ, ಒಂದೇ ಆಸ್ಪತ್ರೆಯ ಎರಡು ಅರ್ಜಿಗಳು ಬೇರೆಬೇರೆ ಕಥೆ ಹೇಳಿದರೆ ಅವರ ಮಗನ ಕ್ಲೇಮೂ ನಿಲ್ಲಲಾರದೆಂಬುದು ಇಬ್ಬರಿಗೂ ಗೊತ್ತಿತ್ತು. “ನಿಮ್ಮ ಧರ್ಮಕ್ಕ ನಮ್ಮ ಹುಡುಗ ದಂಡ ತೆರಬೇಕೇನ್ರಿ?” ಎಂದು ಅವರು ಕೇಳಿದರು. ಆ ಮಾತಿಗೆ ಬ್ಯಾಡಗಿಯ ಹಿರಿಯರಲ್ಲಿ ಉತ್ತರವಿರಲಿಲ್ಲ. ಚಹಾ ಮುಟ್ಟದೆ ಎದ್ದು ಬಂದರು. ಮೂವತ್ತು ವರ್ಷಗಳ ಬಳಕೆ ಅಂದಿಗೆ ಮುರಿಯಿತು.

ಕ್ಲೇಮು ತಿರಸ್ಕೃತವಾಯಿತು. ಹೋಗುವಾಗ ವಿಮಾನದಲ್ಲಿ ಪೆಟ್ಟಿಗೆಯು ತಡವಾಗಿ ಬಂದುದಕ್ಕೆ ಸಲ್ಲಬೇಕಾದ ಅಲ್ಪ ಮೊತ್ತ ಮಾತ್ರ ಬಂದಿತು. ಅನ್ಯಾಯವೆಂದು ಕಂಡವರಿಗೆ ವಿಮಾ ಲೋಕಪಾಲರ ಬಾಗಿಲು ತೆರೆದಿದೆ. ಇಲ್ಲಿ ಅನ್ಯಾಯವಾಗಿರಲಿಲ್ಲ, ಆದುದರಿಂದ ಅವರು ಅಲ್ಲಿಗೆ ಹೋಗಲಿಲ್ಲ. ಆ ವರ್ಷ ಆವಕ ಹೆಚ್ಚಿ ಮೆಣಸಿನಕಾಯಿಯ ದರ ಕುಸಿದಿತ್ತು; ಮಾರ್ಚ್ 11ರಂದು ರೈತರ ಆಕ್ರೋಶದಲ್ಲಿ ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೇ ಬೆಂಕಿ ಬಿದ್ದಿತು. ಒಳ್ಳೆಯ ದರಕ್ಕಾಗಿ ಶೀತಲಗೃಹದಲ್ಲಿ ಇರಿಸಿದ್ದ ಮಾಲನ್ನು ವರ್ತಕರು ಬಂದ ಬೆಲೆಗೆ ಮಾರಿ ಕೈಸಾಲ ತೀರಿಸಿದರು. ಸ್ಕೂಟರಿನ ಅಂಗಡಿಯವನ ಮೂಲಕ ಆ ಹೆಂಗಸನ್ನು ಪತ್ತೆ ಮಾಡಿಸಿದರು. ಆಕೆಯ ಮಣಿಕಟ್ಟು ಮುರಿದು ಎರಡು ತಿಂಗಳು ವ್ಯಾಪಾರ ನಿಂತಿತ್ತು. ಔಷಧದ ಖರ್ಚೂ ಎರಡು ತಿಂಗಳ ದುಡಿಮೆಯೂ ಬ್ಯಾಂಕಿನ ಮೂಲಕ ಆಕೆಗೆ ತಲುಪಿದವು.

ಇಲ್ಲಿ ಒಂದು ಭೇದವನ್ನು ಮನಗಾಣಬೇಕು. ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬನು 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಗೆ ಹೋದಾಗ ಶೆಲ್ ದಾಳಿಗೆ ಬಲಿಯಾದನು. ಮೂರು ವಾರಗಳ ಬಳಿಕ ಊರಿಗೆ ಬಂದ ದೇಹವನ್ನು ಆ ತಂದೆತಾಯಿಗಳು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಅದು ಬಂದೊದಗಿದ ಆಪತ್ತು. ಅಲ್ಲಿ ಯಾರ ಪ್ರಮಾದವನ್ನೂ ಹುಡುಕಲಾಗದು. ನಗುತ್ತ ಚಿತ್ರ ತೆಗೆಯುವಾಗ ತಿರುವಿನಲ್ಲಿ ಬಿದ್ದವನದು ಕರೆದು ತಂದುಕೊಂಡ ಆಪತ್ತು. ಪ್ರಯೋಜನವಿಲ್ಲದೆ ತನಗೂ ಪರರಿಗೂ ಕೇಡು ತರುವ ಈ ಅಜಾಗರೂಕತೆಯನ್ನು ಆಚಾರ್ಯರು ಅನರ್ಥದಂಡಗಳಲ್ಲಿ ಸೇರಿಸಿ ಪ್ರಮಾದಚರ್ಯೆ ಎಂದು ಹೆಸರಿಸಿದರು. ಕೊಲ್ಲುವ ಇಚ್ಛೆ ಇಲ್ಲದಿದ್ದರೂ ಪ್ರಮಾದವೇ ಹಿಂಸೆಯ ಬೇರು ಎಂಬುದು ಅವರ ನಿಲುವು.

ಪ್ರಮಾದಕ್ಕೆ ಪರದೇಶವೇ ಬೇಕೆಂದಿಲ್ಲ. 2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ ಹೆದ್ದಾರಿಯ ಬದಿಗೆ ನಿಂತಿದ್ದ ಲಾರಿಗೆ ಯಾತ್ರಿಕರ ವಾಹನವೊಂದು ಬಡಿದು, ದೇವರ ದರ್ಶನ ಮಾಡಿ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಕಡೆಯ 13 ಜನರು ಪ್ರಾಣ ಬಿಟ್ಟರು. ಆ ಸುದ್ದಿ ಕೇಳಿದ ದಿನ ವರ್ತಕರು ತಮ್ಮ ಬಸದಿಯ ಟ್ರಸ್ಟಿನ ಸಭೆಯಲ್ಲಿ ಒಂದು ಸೂಚನೆಯನ್ನು ಮುಂದಿಟ್ಟರು: ಟ್ರಸ್ಟಿನ ಯಾತ್ರೆಯ ವಾಹನಗಳು ರಾತ್ರಿ ಓಡಬಾರದು; ಚಾಲಕನಿಗೆ ನಿದ್ರೆಯ ಹೊತ್ತು ಸಿಗಬೇಕು; ಯಾತ್ರಿಕರ ವಿಮೆಯ ಷರತ್ತುಗಳನ್ನು ಹೊರಡುವ ಮೊದಲೇ ಎಲ್ಲರೆದುರಿಗೆ ಓದಿ ಹೇಳಬೇಕು. ಒಂದು ದಿನ ಹೆಚ್ಚು ತಗಲುತ್ತದೆ, ಖರ್ಚು ಏರುತ್ತದೆ ಎಂದು ಕೆಲವರು ಗೊಣಗಿದರು. ಊರುಗೋಲು ಹಿಡಿದು ಹಿಂದೆ ನಿಂತಿದ್ದ ಮಗನನ್ನು ಕಂಡು ಸುಮ್ಮನಾದರು. ಸೂಚನೆ ಅಂಗೀಕೃತವಾಯಿತು.

ಆ ವರ್ಷದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಿತು. ರಾಣೇಬೆನ್ನೂರಿನ ಹಿರಿಯರು ಏಳು ತಿಂಗಳ ಬಳಿಕ ಬ್ಯಾಡಗಿಯ ಅಂಗಡಿಯ ಮೆಟ್ಟಿಲು ಹತ್ತಿದರು. ಜೊತೆಯಲ್ಲಿ ಮಗನೂ ಇದ್ದನು. ಉತ್ತಮ ಕ್ಷಮೆ ಎಂದು ಇಬ್ಬರೂ ಕೈ ಮುಗಿದರು. ಕ್ಲೇಮಿನ ಮಾತನ್ನು ಯಾರೂ ಎತ್ತಲಿಲ್ಲ. ಹೊರಡುವ ಮುನ್ನ ಅವರು ಗಲ್ಲಾದ ಮೇಲೆ ಒಂದು ಲಕೋಟೆಯನ್ನಿಟ್ಟು, “ಆ ಹೆಣ್ಮಗಳಿಗೆ ಕಳಿಸಿದ್ದರಾಗ ಅರ್ಧ ನಮ್ಮದೈತ್ರಿ” ಎಂದರು.

ವರ್ತಕರು ಬೇಡವೆನ್ನಲಿಲ್ಲ. ಲಕೋಟೆಯನ್ನು ತೆಗೆದುಕೊಂಡು, ಮಗನನ್ನು ಕರೆದು ಖಾತೆಪುಸ್ತಕದಲ್ಲಿ ಆ ಮೊತ್ತವನ್ನು ಜಮಾ ಮಾಡುವಂತೆ ಹೇಳಿದರು. ಅನಂತರ ಎರಡು ಕಪ್ಪು ಚಹಾ ತರಿಸಿದರು.