ಕೊನೆಗೆ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?

ಪಾರ್ಶ್ವವಾಯು ಬಡಿದವರನ್ನು ಎಮರ್ಜೆನ್ಸಿಗೆ ಕರೆತಂದಾಗ ಡಾಕ್ಟರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು ಮನೆಯವರನ್ನು ಗಲಿಬಿಲಿಗೊಳಿಸುತ್ತದೆ: 'ಇವರು ಕೊನೆಗೆ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?' ಅವರು ಹೇಳಲೆಂದು ಬಂದಿರುವುದೇ ಬೇರೆ. ಬೆಳಗ್ಗೆ ಆರಕ್ಕೆ ಕಾಫಿ ಕೊಡಲು ಹೋದಾಗ ಬಾಯಿ ಸೊಟ್ಟಗಿತ್ತು, ಮಾತು ತೊದಲುತ್ತಿತ್ತು, ಎಬ್ಬಿಸಿ ಕೂರಿಸಿದರೆ ಒಂದು ಕಡೆಗೇ ವಾಲಿದರು. ಇಷ್ಟನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಡಾಕ್ಟರಿಗೆ ಆ ಆರು ಗಂಟೆ ಬೇಡ. 'ರಾತ್ರಿ ಮಲಗುವಾಗ ಸರಿಯಿದ್ರಾ? ನಡುವೆ ಬಾತ್‌ರೂಮಿಗೆ ಎದ್ದಿದ್ರಾ? ನೋಡಿದೋರು ಯಾರು?' ಮಗ ಹೆಂಡತಿಯ ಮುಖ ನೋಡುತ್ತಾನೆ, ಅವಳು ಅತ್ತೆಯ ಮುಖ ನೋಡುತ್ತಾಳೆ. ಧಾರಾವಾಹಿ ಮುಗಿಯುವ ತನಕ ಕೂತಿದ್ದರು ಅನ್ನುವುದು ಅತ್ತೆಗೆ ನೆನಪಾಗುತ್ತದೆ. ಕೇಸ್‌ಶೀಟಿನಲ್ಲಿ 'ರಾತ್ರಿ ಹತ್ತು' ಎಂದು ಬರೆಯಲಾಗುತ್ತದೆ.

ಕಂಡದ್ದು ಬೆಳಗ್ಗೆ ಆರಕ್ಕಾದರೂ ಲೆಕ್ಕ ಶುರುವಾಗುವುದು ಆ ಹತ್ತರಿಂದಲೇ. ಮಿದುಳಿನ ರಕ್ತನಾಳಕ್ಕೆ ಅಡ್ಡ ಕೂತ ಗಡ್ಡೆಯನ್ನು ಕರಗಿಸುವ ಇಂಜೆಕ್ಷನ್ನಿಗೆ ಇರುವ ಸಾಮಾನ್ಯ ಅವಧಿ ನಾಲ್ಕೂವರೆ ಗಂಟೆ. 1995ರಲ್ಲಿ ಅಮೆರಿಕದ ಅಧ್ಯಯನವೊಂದು ಮೂರು ಗಂಟೆಯೊಳಗೆ ಕೊಟ್ಟರೆ ಫಲವುಂಟು ಎಂದು ತೋರಿಸಿತು. 2008ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನ ಅದನ್ನು ಒಂದೂವರೆ ಗಂಟೆ ಹಿಗ್ಗಿಸಿತು. ದೊಡ್ಡ ಆಸ್ಪತ್ರೆಗಳಲ್ಲಿ ಎಂಆರ್‌ಐ ನೋಡಿ, ನಿದ್ದೆಯಲ್ಲಿ ಆದ ಸ್ಟ್ರೋಕಿಗೂ ಈಗ ಈ ಮದ್ದನ್ನು ಕೊಡುವುದುಂಟು. ದೊಡ್ಡ ನಾಳವೇ ಕಟ್ಟಿದ್ದರೆ ತೊಡೆಯ ಸಂದಿನಿಂದ ತೆಳ್ಳನೆಯ ನಳಿಗೆ ತೂರಿಸಿ ಗಡ್ಡೆಯನ್ನು ಎಳೆದು ತೆಗೆಯುತ್ತಾರೆ. ಆಯ್ದ ರೋಗಿಗಳಲ್ಲಿ ಇದನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಗೊತ್ತಾಯಿತು. ಅವಧಿ ಹಿಗ್ಗಿದೆ ನಿಜ, ಹಾಗಂತ ಮಿದುಳು ಕಾಯುವುದಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು.

ಹಾಗಾದರೆ ರೋಗಿಯನ್ನೇ ಕೇಳಬಾರದೇಕೆ? ಫಜೀತಿ ಇರುವುದೇ ಅಲ್ಲಿ. ಎದೆನೋವು ಬಂದವನು ಎದೆ ಹಿಡಿದುಕೊಂಡು ಕೂಗುತ್ತಾನೆ. ಸ್ಟ್ರೋಕ್ ಹೆಚ್ಚಿನವರಿಗೆ ನೋಯುವುದೇ ಇಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ಹಲವರಿಗೆ ಹೇಳಲು ಮಾತಿರುವುದಿಲ್ಲ. ಬಲಭಾಗಕ್ಕೆ ಬಿದ್ದರೆ ಎಷ್ಟೋ ಜನರಿಗೆ ತಮಗೆ ಏನೋ ಆಗಿದೆ ಎಂಬ ಅರಿವೇ ಇರುವುದಿಲ್ಲ. 'ಎಡಗೈ ಎತ್ತಿ' ಅಂದರೆ, ಕೈ ಮಂಚದ ಮೇಲೆ ಬಿದ್ದಿರುವಾಗಲೇ 'ಎತ್ತಿದೀನಲ್ಲ' ಎಂದು ರೇಗುವವರೂ ಇದ್ದಾರೆ. ಆಂಬುಲೆನ್ಸ್ ಕರೆಯುವ ಅಂಗಕ್ಕೇ ಪೆಟ್ಟು ಬಿದ್ದಿರುತ್ತದೆ.

ಮಿದುಳನ್ನೇ ಓದಿಕೊಂಡವರಿಗಾದರೂ ತಕ್ಷಣ ಗೊತ್ತಾಗಬೇಡವೇ? 1996ರ ಡಿಸೆಂಬರ್ 10ರ ಬೆಳಗ್ಗೆ ಬಾಸ್ಟನ್ನಿನಲ್ಲಿ ಈ ಪರೀಕ್ಷೆಯೂ ನಡೆದುಹೋಯಿತು. ಜಿಲ್ ಬೋಲ್ಟಿ ಟೇಲರ್‌ಗೆ ಆಗ 37 ವರ್ಷ. ಹಾರ್ವರ್ಡ್‌ನಲ್ಲಿ ಮಿದುಳಿನ ರಚನೆಯ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿ, ಒಂಟಿ ವಾಸ. ಎಡಗಣ್ಣಿನ ಹಿಂದೆ ತಿವಿಯುವ ನೋವಿನೊಂದಿಗೆ ಎದ್ದರು. (ಇವರದು ರಕ್ತಸ್ರಾವದ ಸ್ಟ್ರೋಕ್, ಅದು ನೋಯುವುದುಂಟು.) ನೋವಿದ್ದರೂ ದಿನದ ಅಭ್ಯಾಸದಂತೆ ವ್ಯಾಯಾಮದ ಯಂತ್ರ ಹತ್ತಿದರು. ಹಿಡಿಕೆ ಹಿಡಿದ ಕೈಗಳು ಯಾವುದೋ ಪ್ರಾಣಿಯ ಪಂಜದ ಹಾಗೆ ಕಂಡವು. ಇಳಿದು ಸ್ನಾನಕ್ಕೆ ಹೋದರು. ಆಫೀಸಿಗೆ ಹೊರಡುವ ತಯಾರಿ! ಬಲಗೈ ಪೂರ್ತಿ ಜೋತುಬಿದ್ದ ಮೇಲಷ್ಟೇ ಇದು ಸ್ಟ್ರೋಕ್ ಎಂದು ಹೊಳೆದದ್ದು. ಹೊಳೆದ ಕೂಡಲೇ ಭಯವಾಗಲಿಲ್ಲವಂತೆ. ಸ್ವಂತ ಮಿದುಳನ್ನು ಒಳಗಿನಿಂದಲೇ ನೋಡುವ ಯೋಗ ಎಷ್ಟು ಜನ ವಿಜ್ಞಾನಿಗಳಿಗುಂಟು ಅನ್ನಿಸಿತಂತೆ. ವಿದ್ವಾಂಸರ ಜಾತಿಯೇ ಅಂಥದ್ದು.

ಮುಂದಿನದು ಫೋನಿನ ಕಥೆ. ಆಫೀಸಿನ ನಂಬರ್ ನೆನಪಿಗೆ ಬಾರದು. ವಿಸಿಟಿಂಗ್ ಕಾರ್ಡುಗಳ ಕಟ್ಟು ತೆಗೆದು ಒಂದೊಂದೇ ನೋಡತೊಡಗಿದರು. ಮೇಲಿನ ಕಾರ್ಡಿನಲ್ಲಿ ಅಕ್ಷರಗಳಿರಲಿಲ್ಲ, ಚುಕ್ಕಿ ಚುಕ್ಕಿ ಮಾತ್ರ. ಕಾರ್ಡಿನ ಚುಕ್ಕಿ, ಬರಹದ ಚುಕ್ಕಿ, ಹಿನ್ನೆಲೆಯ ಚುಕ್ಕಿ ಎಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ನಡುನಡುವೆ ತಿಳಿವು ಬಂದಾಗ 'ಇದಲ್ಲ' ಎಂದು ಕಾರ್ಡು ಬದಿಗಿಡುವುದು, ಮತ್ತೆ ಮಂಕು. ಕಟ್ಟಿನಲ್ಲಿ ಒಂದಿಂಚು ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಸರಿಯಾದ ಕಾರ್ಡು ಸಿಕ್ಕ ಮೇಲೂ ಅಂಕಿ ಓದಲು ಬಾರದು. ಕಾರ್ಡಿನ ಗೆರೆಗಳ ಆಕಾರವನ್ನು ಫೋನಿನ ಗುಂಡಿಗಳ ಮೇಲಿನ ಆಕಾರದೊಂದಿಗೆ ತಾಳೆ ನೋಡಿ ಒತ್ತಿದರು. ಯಾವುದನ್ನು ಒತ್ತಿಯಾಯಿತು ಎಂಬುದು ಮರೆಯದಂತೆ, ಸತ್ತ ಬಲಗೈಯನ್ನೇ ಎತ್ತಿಟ್ಟು ಆ ಅಂಕಿಗಳನ್ನು ಮುಚ್ಚುತ್ತ ಹೋದರು. ಕೊನೆಗೂ ಸಹೋದ್ಯೋಗಿ ಫೋನ್ ಎತ್ತಿದ. ಅವನ ಮಾತು ಇವರಿಗೆ ನಾಯಿಯ ದನಿಯಂತೆ ಕೇಳಿಸಿತು. 'ಸಹಾಯ ಬೇಕು' ಎನ್ನಲು ಬಾಯಿ ತೆರೆದರೆ ಇವರ ಗಂಟಲಿನಿಂದ ಬಂದದ್ದೂ ಅದೇ ದನಿ. ಅವನು ಅರ್ಥ ಮಾಡಿಕೊಂಡ ಅನ್ನುವುದು ಇವರ ಪುಣ್ಯ.

ಟೇಲರ್ ಅವರನ್ನು ಮೊದಲು ಒಂದು ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಒಯ್ದರು. ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು ಅದೇ ವರ್ಷದ ಜೂನ್‌ನಲ್ಲಿ. ಅದನ್ನೇ ಅವಸರದಲ್ಲಿ ಚುಚ್ಚಿದ್ದರೆ ಟೇಲರ್ ಬದುಕುತ್ತಿದ್ದುದು ಅನುಮಾನ. ಅವರ ಮಿದುಳಿನಲ್ಲಿ ಹುಟ್ಟಿನಿಂದಲೇ ಗೋಜಲಾಗಿದ್ದ ನಾಳವೊಂದು ಒಡೆದು ರಕ್ತ ಹರಿದಿತ್ತು. ಎಷ್ಟೇ ಅವಸರವಿದ್ದರೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡುವುದು ಇದಕ್ಕೇ: ಕಟ್ಟಿದ ನಾಳವೂ ಒಡೆದ ನಾಳವೂ ಹೊರಗೆ ತೋರಿಸುವ ಲಕ್ಷಣ ಹೆಚ್ಚುಕಡಿಮೆ ಒಂದೇ, ಮದ್ದು ಮಾತ್ರ ತದ್ವಿರುದ್ಧ. ಬೆರಳು ಚುಚ್ಚಿ ಸಕ್ಕರೆ ನೋಡುವುದೂ ಹೀಗೆಯೇ. ಸಕ್ಕರೆ ತೀರಾ ಇಳಿದರೂ ಮಾತು ತೊದಲಿ ಕೈ ಸೋಲುತ್ತದೆ. 'ತೂಕ ಎಷ್ಟು?' ಎಂದು ಕೇಳುವುದು ಮದ್ದಿನ ಪ್ರಮಾಣ ಗೊತ್ತುಮಾಡಲು.

ಬೆಂಗಳೂರಿನ ಉದಾಹರಣೆಯೂ ಇದೆ. 'ಜೆರೋಧಾ' ಕಂಪನಿಯ ನಿತಿನ್ ಕಾಮತ್, ಆರು ವಾರಗಳ ಹಿಂದೆ ತಮಗೆ ಲಘು ಸ್ಟ್ರೋಕ್ ಆಗಿತ್ತೆಂದು 2024ರ ಫೆಬ್ರುವರಿಯಲ್ಲಿ ತಾವೇ ಜಾಲತಾಣದಲ್ಲಿ ಬರೆದುಕೊಂಡರು. ವಯಸ್ಸು 44, ವ್ಯಾಯಾಮದ ಹುಚ್ಚು ಇರುವ ಮನುಷ್ಯ. ಮುಖ ಜೋತುಬಿದ್ದಿತ್ತು, ಓದಲು ಬರೆಯಲು ಆಗುತ್ತಿರಲಿಲ್ಲ. ತಂದೆಯ ಸಾವು, ನಿದ್ದೆಗೇಡು, ದಣಿವು, ಮೈಯಲ್ಲಿ ನೀರು ಕಡಿಮೆಯಾದದ್ದು, ಅತಿಯಾದ ಕಸರತ್ತು ಕಾರಣವಿರಬಹುದೆಂದು ಅವರೇ ಪಟ್ಟಿ ಮಾಡಿದರು. 'ಅದು ವಯಸ್ಸಾದವರ ಕಾಯಿಲೆ' ಎಂದುಕೊಂಡಿದ್ದ ಐಟಿ ಮಂದಿ ಅಂದು ಕನ್ನಡಿ ಮುಂದೆ ನಕ್ಕು ನೋಡಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಹಳ್ಳಿಗಳಲ್ಲಿ ಹೊತ್ತು ಸೋರಿಹೋಗುವ ದಾರಿ ಬೇರೆ. ಲಕ್ವ ಅಂದಕೂಡಲೇ ಪಾರಿವಾಳದ ರಕ್ತ ಹಚ್ಚಿ ಅನ್ನುವವರು, ಎಣ್ಣೆ ತಿಕ್ಕುವ ಪಂಡಿತರ ಊರು ಹೇಳುವವರು ಇನ್ನೂ ಇದ್ದಾರೆ. ಅವರನ್ನು ಬೈಯುವುದು ಸುಲಭ. ಆದರೆ ನಗರದ ವಿದ್ಯಾವಂತರ ಮನೆಯಲ್ಲಿ 'ಗ್ಯಾಸ್ ಇರಬೇಕು, ಸ್ವಲ್ಪ ಮಲಗಿ, ಸಂಜೆ ನೋಡೋಣ' ಎನ್ನುವುದಕ್ಕೂ ಪಾರಿವಾಳಕ್ಕೂ ಹೋಗುವ ಹೊತ್ತು ಒಂದೇ. 2008ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡುತ್ತಿದೆ, ಆದರೂ ಅದನ್ನು ಕರೆಯದವರುಂಟು. ಸಿ.ಟಿ. ಇಲ್ಲದ ನರ್ಸಿಂಗ್ ಹೋಮಿನಲ್ಲಿ ಇಳಿದು, ಗ್ಲೂಕೋಸ್ ಹಾಕಿಸಿಕೊಂಡು, ಅಲ್ಲಿಂದ ದೊಡ್ಡಾಸ್ಪತ್ರೆಗೆ ಬರೆಸಿಕೊಂಡು ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ.

ಟೇಲರ್‌ಗೆ ಡಿಸೆಂಬರ್ 27ರಂದು ತಲೆ ತೆರೆದು, ಭಾಷೆಯ ಕೇಂದ್ರಗಳ ಮೇಲೆ ಒತ್ತುತ್ತಿದ್ದ ಗಾಲ್ಫ್ ಚೆಂಡಿನಷ್ಟು ರಕ್ತದ ಗಡ್ಡೆ ತೆಗೆದರು. ಪೂರ್ತಿ ಚೇತರಿಸಿಕೊಳ್ಳಲು ಎಂಟು ವರ್ಷ ಬೇಕಾಯಿತು. ಆಮೇಲೆ ಅವರು ಬರೆದ ಪುಸ್ತಕದಲ್ಲಿ ಆಸ್ಪತ್ರೆಯ ಬಗ್ಗೆ ಹೇಳುವ ಮಾತುಗಳು ನಮ್ಮ ವಾರ್ಡುಗಳಿಗೂ ಸಲ್ಲುತ್ತವೆ. ಬೆಳಕು ಬೆಂಕಿಯ ಹಾಗೆ ಸುಡುತ್ತಿತ್ತು, ಸದ್ದಿನ ನಡುವೆ ಮಾತು ಯಾವುದು ಗಲಾಟೆ ಯಾವುದು ತಿಳಿಯುತ್ತಿರಲಿಲ್ಲ. ತಾನು ದಡ್ಡಿಯಲ್ಲ, ಗಾಯಗೊಂಡವಳು. ಹತ್ತಿರ ಬಂದು ನಿಧಾನವಾಗಿ ಮಾತಾಡಿ, ನಿದ್ದೆ ಮಾಡಲು ಬಿಡಿ ಎಂಬುದು ಅವರ ಕೇಳಿಕೆ. ಅವರ ತಾಯಿ ಬಂದವರೇ ಏನೂ ಕೇಳದೆ ಹಾಸಿಗೆ ಹತ್ತಿ ಮಗಳನ್ನು ತಬ್ಬಿ ಮಲಗಿದರು.

ನಮ್ಮಲ್ಲಿ ನಂಟರು ಬಂದರೆ ಮೊದಲು ಪರೀಕ್ಷೆ. 'ನಾನ್ಯಾರು ಹೇಳಿ ನೋಡೋಣ?' ಮಂಚದ ಸುತ್ತ ಆರು ಜನ, ಆರೂ ಜನರದು ಅದೇ ಪ್ರಶ್ನೆ, ಒಬ್ಬರಿಗಿಂತ ಒಬ್ಬರದು ಏರುದನಿ. ಕಿವಿ ಕೆಟ್ಟಿಲ್ಲ, ಕೆಟ್ಟಿರುವುದು ಮಾತು ಎಂದು ಅವರಿಗೆ ಹೇಳುವವರಾರು? ಮಲಗಿರುವ ರಾಯರಿಗೆ ಎದುರು ನಿಂತವನು ತಂಗಿಯ ಗಂಡನೆಂದು ಚೆನ್ನಾಗಿ ಗೊತ್ತಿರಬಹುದು, ಹೆಸರು ಮಾತ್ರ ನಾಲಿಗೆಗೆ ಬಾರದು. ಅವರ ಕಣ್ಣಲ್ಲಿ ನೀರು ಕಂಡರೆ 'ಬಾಯಾರಿರಬೇಕು' ಎಂದು ಯಾರೋ ಎಳನೀರಿಗೆ ಓಡುತ್ತಾರೆ, ಇನ್ಯಾರೋ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸುತ್ತಾರೆ. ನರ್ಸು ಓಡಿಬಂದು ಕೈ ಹಿಡಿಯುತ್ತಾರೆ. ನುಂಗುವ ಪರೀಕ್ಷೆ ಆಗುವವರೆಗೆ ಒಂದು ಗುಟುಕು ನೀರೂ ಕೂಡದು. ಸೋತ ಗಂಟಲಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. 'ಎಲ್ಲರೂ ಹೊರಗೆ ನಡೀರಿ' ಎಂದು ಅವರು ಗದರುತ್ತಾರೆ. ಫ್ಲಾಸ್ಕು ಹೊರಗೆ ಹೋಗುತ್ತದೆ. ತಂಗಿಯ ಗಂಡ ಮಾತ್ರ 'ಸಿಸ್ಟರ್, ಇನ್ನೈದೇ ನಿಮಿಷ' ಅನ್ನುತ್ತಾ ಬಾಗಿಲಲ್ಲೇ ನಿಲ್ಲುತ್ತಾನೆ.